ಮದ್ದೂ ಮೌನವೂ

‘ಮದ್ದು’ ಎಂಬ ನಮ್ಮ ಮಾತಿಗೆ ಔಷಧವೆಂಬ ಅರ್ಥವೂ ಉಂಟು, ವಿಷವೆಂಬ ಅರ್ಥವೂ ಉಂಟು. ಕೋವಿಗೆ ತುಂಬುವುದೂ ಮದ್ದೇ. ಗುಣ ಮಾಡುವ ವಸ್ತುವೇ ಕೇಡನ್ನೂ ಮಾಡಬಲ್ಲುದೆಂಬ ಎಚ್ಚರಿಕೆ ಆ ಒಂದು ಮಾತಿನಲ್ಲೇ ಅಡಗಿದೆ.

ಬ್ಯಾಕ್ಲೊಫೆನ್ ಎಂಬ ಔಷಧವನ್ನೇ ನೋಡಿ. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಅದನ್ನು ಸಿದ್ಧಪಡಿಸಿದ್ದು ಅಪಸ್ಮಾರದ ಚಿಕಿತ್ಸೆಗೆಂದು. ಅಲ್ಲಿ ಅದು ನಿರೀಕ್ಷಿಸಿದಷ್ಟು ಫಲಿಸಲಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲು ಸೆಟೆದುಕೊಂಡವರಿಗೆ ಮಾತ್ರ ವರವಾಯಿತು. ಬೆನ್ನುಹುರಿಯಲ್ಲಿ ನರಗಳ ಅತಿಯಾದ ಪ್ರಚೋದನೆಯನ್ನು ತಗ್ಗಿಸಿ ಅದು ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಆದರೆ ದಾಂಪತ್ಯಸುಖಕ್ಕೆ ಬೇಕಾದ ನರಕೇಂದ್ರಗಳೂ ಅದೇ ಬೆನ್ನುಹುರಿಯ ಕೆಳಭಾಗದಲ್ಲಿವೆಯಷ್ಟೆ. ಆದುದರಿಂದ ಕೆಲವು ಗಂಡಸರಲ್ಲಿ ಶಿಶ್ನದ ನಿಮಿರುವಿಕೆ ಕುಂದುವುದೂ ವೀರ್ಯಸ್ಖಲನ ನಿಂತುಹೋಗುವುದೂ ಉಂಟು. ಔಷಧವನ್ನು ಪಂಪಿನ ಮೂಲಕ ಬೆನ್ನುಹುರಿಯ ದ್ರವಕ್ಕೇ ಸೇರಿಸಿಕೊಳ್ಳುವವರಲ್ಲಿ ಇದು ಕಂಡುಬಂದಿದೆ. ಪ್ರಮಾಣವನ್ನು ತಗ್ಗಿಸಿದ ಮೇಲೆ ಶಕ್ತಿ ಮರಳಿದ್ದೂ ಉಂಟು. ಬೆನ್ನು, ಕತ್ತುಗಳ ಉಳುಕಿಗೆ ಕೊಡುವ ಸೈಕ್ಲೊಬೆಂಜಾಪ್ರಿನ್ ಸೇವಿಸಿದವರಲ್ಲಿಯೂ ಅಪರೂಪವಾಗಿ ಕಾಮೇಚ್ಛೆ ತಗ್ಗಿದ, ಇಲ್ಲವೆ ಹೆಚ್ಚಿದ ವರದಿಗಳಿವೆ. ಅದಕ್ಕೆ ಗುಳಿಗೆಯೇ ಕಾರಣವೆಂದು ಸಿದ್ಧವಾಗಿಲ್ಲ.

ತೊಂದರೆ ವಿರಳವಾದರೂ ಅದರ ಸುತ್ತಣ ಮೌನ ವಿರಳವಲ್ಲ. ಗಂಡ ನಾಚಿ ಮುಖ ತಿರುಗಿಸುತ್ತಾನೆ. ತನ್ನ ಮೇಲಣ ಒಲವು ಬತ್ತಿತೆಂದು ಹೆಂಡತಿ ಒಳಗೇ ಕೊರಗುತ್ತಾಳೆ. ಕಡೆಗೊಂದು ದಿನ ಯಾರಿಗೂ ಹೇಳದೆ ಅವನು ಗುಳಿಗೆಯನ್ನು ಬಿಟ್ಟುಬಿಡುತ್ತಾನೆ. ನಿಜವಾದ ಅಪಾಯವಿರುವುದು ಇಲ್ಲಿ. ಬ್ಯಾಕ್ಲೊಫೆನ್ನನ್ನು ಥಟ್ಟನೆ ನಿಲ್ಲಿಸಿದರೆ ಸ್ನಾಯುಗಳು ಮೊದಲಿಗಿಂತ ಬಿಗಿಯಬಹುದು; ತೀವ್ರ ಜ್ವರ, ಭ್ರಮೆ, ಸೆಳವುಗಳು ಬರಬಹುದು; ಪ್ರಾಣಕ್ಕೇ ಸಂಚಕಾರ ಬಂದುದೂ ಉಂಟು. ಅದನ್ನು ವೈದ್ಯರ ನೋಟದಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು.

ಬೆನ್ನುಹುರಿಯ ರೋಗವೇ ಇಂಥ ಕುಂದನ್ನು ತರಬಲ್ಲುದಾದ್ದರಿಂದ ತಪ್ಪು ಮದ್ದಿನದೋ ರೋಗದ್ದೋ ಎಂಬುದನ್ನು ವೈದ್ಯರೇ ತಿಳಿಯಬೇಕು. ಗುಳಿಗೆ ಎಂದು ಆರಂಭವಾಯಿತು, ತೊಂದರೆ ಎಂದು ತೋರಿತು ಎಂಬ ಎರಡು ಮಾತು ಹೇಳಿದರೆ ಅವರ ಕೆಲಸ ಅರ್ಧ ಹಗುರವಾಗುತ್ತದೆ. ವೈದ್ಯರಲ್ಲಿ ಮುಚ್ಚುಮರೆ ಸಲ್ಲದೆಂದು ಹಿರಿಯರು ಹೇಳುತ್ತಾರೆ. ಆ ಮಾತನ್ನು ಮೊದಲು ಮಡದಿಯೊಡನೆ ಆಡಿ, ಆಮೇಲೆ ಇಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಹೋದರೆ ಇನ್ನೂ ಲೇಸು.