ನೋಟಿನಲ್ಲಿ ಕನ್ನಡ ಉಂಟು, ಬ್ಯಾಂಕಿನ ಗೋಡೆಯಲ್ಲಿ ಇಲ್ಲ!

ಮೊನ್ನೆ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಮ್ಮ 500 ರೂಪಾಯಿಯ ನೋಟು ಹಿಡಿದುಕೊಂಡು ಬಂದರು. ಬೀಡಿ ಕಟ್ಟಿ ಸಂಪಾದಿಸಿದ ದುಡ್ಡು. "ಮಾಷ್ಟ್ರೇ, ಇದು ಕಳ್ಳನೋಟಂತೆ. ನಂಬರಿನಲ್ಲಿ ನಕ್ಷತ್ರ ಉಂಟು ಅಂತ ಅಂಗಡಿಯವರು ತೆಗೆದುಕೊಳ್ಳಲಿಲ್ಲ" ಎಂದರು.

ಓರೆ ಮಾಡಿ ನೋಡಿದೆ, ಬೆಳಕಿಗೆ ಹಿಡಿದೆ, ಮುಟ್ಟಿ ನೋಡಿದೆ. ನೋಟು ಅಪ್ಪಟ ಅಸಲಿ! ಅಚ್ಚು ಕೆಟ್ಟ ನೋಟಿನ ಬದಲಿಗೆ ಸೇರಿಸುವುದೇ ನಕ್ಷತ್ರದ ನೋಟು. ಅದು ಚಲಾವಣೆಯದ್ದೇ ಎಂದು ರಿಸರ್ವ್ ಬ್ಯಾಂಕು 2023ರ ಜುಲೈಯಲ್ಲಿ ಹೇಳಿಯಾಗಿದೆ. 'ಹಸಿರು ಪಟ್ಟಿ ಗಾಂಧೀಜಿಯ ಹತ್ತಿರ ಇದ್ದರೆ ನಕಲಿ' ಎಂಬುದೂ ಶುದ್ಧ ಸುಳ್ಳು. ವಾಟ್ಸಾಪ್ ಪಂಡಿತರೇ, ನೀವು ಫಾರ್ವರ್ಡ್ ಮಾಡುವ ಒಂದೊಂದು ಸುಳ್ಳಿಗೂ ಯಾರದೋ ಮನೆಯ ಅಕ್ಕಿ ತಪ್ಪುತ್ತದೆ, ತಿಳಿಯಿತೇ?

ನೋಡಬೇಕಾದದ್ದು ಇಷ್ಟು. ಓರೆ ಮಾಡಿದರೆ ನೋಟಿನ ನೂಲು ಹಸಿರಿನಿಂದ ನೀಲಿಗೆ ತಿರುಗಬೇಕು. ಕೆಳಗೆ ಬಲಗಡೆಯ 500ರ ಬಣ್ಣವೂ ಹಾಗೆಯೇ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಮತ್ತು 500 ಕಾಣಬೇಕು. ಎರಡೂ ಅಂಚಿನ ಐದೈದು ಗೆರೆ ಬೆರಳಿಗೆ ಉಬ್ಬಾಗಿ ಸಿಗಬೇಕು. ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗಬೇಕು. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ.

ನಿಜವಾಗಿ ನಕಲಿಯೇ ಆದರೆ? ಬ್ಯಾಂಕು ಅದನ್ನು ಮುಟ್ಟುಗೋಲು ಹಾಕಿ ರಶೀದಿ ಕೊಡಲೇಬೇಕು. ಬದಲಿ ಹಣ ಮಾತ್ರ ಸಿಗುವುದಿಲ್ಲ. ಒಂದು ಸಲಕ್ಕೆ 4 ನೋಟಿನವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ, 5 ಅಥವಾ ಹೆಚ್ಚಾದರೆ ಎಫ್‌ಐಆರ್. ಅಂದರೆ ಅಚ್ಚು ಹಾಕಿದವನು ಎಲ್ಲೋ ಹಾಯಾಗಿರುತ್ತಾನೆ, ಕೊನೆಗೆ ಕೈಯಲ್ಲಿ ಹಿಡಿದವರು ನಷ್ಟ ತಿನ್ನುತ್ತಾರೆ. ಹಾಗಿರುವಾಗ ಗುರುತಿಸಲು ಕಲಿಸುವುದು ಉಪಕಾರವಲ್ಲ, ಕರ್ತವ್ಯ.

ಇಲ್ಲೇ ನನ್ನ ಸಿಟ್ಟು. ನೋಟಿನ ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಕಾಸರಗೋಡಿನಲ್ಲಿ ತಲೆತಲಾಂತರದಿಂದ ಕನ್ನಡಿಗರಿದ್ದೇವೆ. ಆದರೆ ನಾನು ಹೋಗುವ ಬ್ಯಾಂಕಿನ ಗೋಡೆಯಲ್ಲಿ ಅಸಲಿ ನೋಟಿನ ಗುರುತು ತಿಳಿಸುವ ಪೋಸ್ಟರು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ! ಕನ್ನಡ ಮಾತ್ರ ಓದಬಲ್ಲ ಆ ತಾಯಿ ಏನು ಮಾಡಬೇಕು? ಕೇಳಿದರೆ "ಎಲ್ಲರಿಗೂ ಮಲಯಾಳ ಗೊತ್ತಲ್ಲ ಮಾಷ್ಟ್ರೇ" ಎಂಬ ಉತ್ತರ. ಮಾತು ಗೊತ್ತಿರಬಹುದು ಸ್ವಾಮೀ, ಲಿಪಿ?

ಕನ್ನಡ ಪೋಸ್ಟರು ಬೇಕೆಂದು ಅರ್ಜಿ ಬರೆದು ಕೊಟ್ಟಿದ್ದೇನೆ. ನೀವೂ ಕೊಡಿ. ಅದು ಬರುವವರೆಗೆ ನನ್ನ ಗಣಿತದ ತರಗತಿಯಲ್ಲಿ ವಾರಕ್ಕೊಮ್ಮೆ ಒಂದು ನೋಟು ಕೈಯಿಂದ ಕೈಗೆ ಹೋಗುತ್ತದೆ. ಮಕ್ಕಳು ಮನೆಗೆ ಹೋಗಿ ಅಮ್ಮಂದಿರಿಗೆ ಕಲಿಸಲಿ.