ಆಪ್ಷನ್ ಎಂಟ್ರಿಗೆ ಕೂತವರಿಗೆ ಮಣ್ಣಿನ ಋಣ ಹೇಳಬೇಡಿ

ವಿದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದವರ ಬೆನ್ನಿಗೆ ನಮ್ಮಲ್ಲಿ ಎರಡು ಗುಂಪು ಬೀಳುತ್ತವೆ. ಪಿಜಿ ಸೀಟಿಗೆ ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂದು ದುಡ್ಡು ತೆಗೆದುಕೊಂಡು ಹೇಳುವ ಕನ್ಸಲ್ಟೆಂಟುಗಳದು ಒಂದು. ಹುಡುಗ ಅಮೆರಿಕಕ್ಕೆ ಅರ್ಜಿ ಹಾಕಿದ ಸುದ್ದಿ ತಿಳಿಯುತ್ತಲೇ ಹುಟ್ಟಿದೂರಿನ ಋಣ ನೆನಪಿಸಲು ಬರುವ ಹಿರಿಯರದು ಇನ್ನೊಂದು. ಮೊದಲನೆಯವರು ಲೆಕ್ಕ ತಪ್ಪಾಗಿ ಹೇಳಿಕೊಡುತ್ತಾರೆ. ಎರಡನೆಯವರು ಬೈಯಬೇಕಾದವರನ್ನು ಬಿಟ್ಟು ಎದುರಿಗೆ ಸಿಕ್ಕಿದವರನ್ನು ಬೈಯುತ್ತಾರೆ.

ಲೆಕ್ಕದ ಮಾತು ಮೊದಲು ಮುಗಿಸೋಣ. ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಆಗಲಿ, ಅಖಿಲ ಭಾರತ ಕೋಟಾದ ಎಂಸಿಸಿ ಆಗಲಿ, ಸೀಟು ಹಂಚುವುದು ರ‍್ಯಾಂಕಿನ ಸರದಿಯಲ್ಲಿ. ನಿಮ್ಮ ಸರದಿ ಬಂದಾಗ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ, ಖಾಲಿ ಇರುವ ಮೊದಲ ಸೀಟನ್ನು ನಿಮಗೆ ಕೊಡುತ್ತದೆ. ಸಿಗಲಾರದ್ದನ್ನು ಒಂದನೇ ನಂಬರಿಗೆ ಹಾಕಿದ್ದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಓದು ಎರಡನೆಯದಕ್ಕೆ ಇಳಿಯುತ್ತದೆ ಅಷ್ಟೆ. ‘ಸಿಗೋದನ್ನೇ ಮೇಲೆ ಹಾಕಿ, ಸೇಫ್’ ಎಂಬ ಸಲಹೆಯನ್ನು ನಂಬಿದವರೇ ಕೆಡುವುದು. ಬೇಕಾದ ಸೀಟು ಮೂರನೇ ಸಾಲಿನಲ್ಲಿ ಖಾಲಿ ಇದ್ದರೂ ಮೊದಲ ಸಾಲಿನದು ಬಂದು ಕೊರಳಿಗೆ ಬೀಳುತ್ತದೆ. ರೆಸಿಡೆನ್ಸಿ ಸೀಟು ಹಂಚುವ ಅಮೆರಿಕದ ‘ಮ್ಯಾಚ್’ ಇನ್ನೂ ಜಟಿಲ, ಅಲ್ಲಿ ಆಸ್ಪತ್ರೆಗಳೂ ಅಭ್ಯರ್ಥಿಗಳ ಪಟ್ಟಿ ಮಾಡುತ್ತವೆ. 1952ರಲ್ಲಿ ಶುರುವಾದ ಆ ಪದ್ಧತಿಯನ್ನು 1998ರಲ್ಲಿ ಅಭ್ಯರ್ಥಿಯ ಆಸೆಗೆ ಮೊದಲ ಮಣೆ ಸಿಗುವಂತೆ ತಿದ್ದಿದರು. ತಿದ್ದಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಲ್ಲೂ ಸೂತ್ರ ಒಂದೇ: ಬೇಕಾದದ್ದನ್ನು ಬೇಕಾದ ಕ್ರಮದಲ್ಲಿ ಬರೆಯಿರಿ, ಹೋಗಲು ಮನಸ್ಸಿಲ್ಲದ ಕಡೆಯ ಹೆಸರು ಬರೆಯಬೇಡಿ. ಬಂದ ಫಲಿತಾಂಶಕ್ಕೆ ಕಟ್ಟುಬೀಳಲೇಬೇಕು. ಇಷ್ಟು ಹೇಳುವುದಕ್ಕೆ ಫೀಸು ಯಾಕೆ?

ಹಾಗಾದರೆ ಬೇಕಾದದ್ದು ಯಾವುದು ಎನ್ನುವುದು ನಿಜವಾದ ಪ್ರಶ್ನೆ. ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ ನನಗೆ ಪರಿಚಯದ ಒಂದು ಮನೆಯಿದೆ. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ಜಾರ್ಜಿಯಾದಲ್ಲಿ ಓದಿ ಬಂದ ಮಗಳು. ಗೂಡಿನ ಮಾರುಕಟ್ಟೆಯ ಚೀಟಿಯ ಬೆನ್ನ ಮೇಲೆ ಆಕೆ ಪೆನ್ಸಿಲಿನಲ್ಲಿ ಕಾಲೇಜುಗಳ ಹೆಸರು ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ಆಕೆಗೆ ಹೆರಿಗೆ ವಿಭಾಗ ಬೇಕು. ಸೋದರಮಾವನ ಹಟ ಬೇರೆ: “ಹೆರಿಗೆ ಕೆಲ್ಸ ಬ್ಯಾಡ ಕನವ್ವ. ರಾತ್ರಿ ನಿದ್ದೆ ಇಲ್ಲ. ಏನಾರ ಹೆಚ್ಚುಕಮ್ಮಿ ಆದ್ರೆ ಜನ ಬಂದು ಆಸ್ಪತ್ರೆ ಒಡ್ದಾಕ್ತರೆ. ಸ್ಕ್ಯಾನಿಂಗ್ ತಕ್ಕೊ, ನೆಮ್ಮದಿಯಾಗಿರು.” ಮಾವನ ಮಾತು ಸುಳ್ಳೇನಲ್ಲ. ರೇಡಿಯಾಲಜಿ, ಚರ್ಮರೋಗದ ಸೀಟುಗಳು ಮೊದಲು ಮುಗಿದುಹೋಗುವುದು ಇದೇ ಕಾರಣಕ್ಕೆ. ಆದರೆ ಮೂವತ್ತು ವರ್ಷ ಮಾಡಬೇಕಾದ ಕೆಲಸವನ್ನು ಮಾವನ ನೆಮ್ಮದಿಗೆ ಆರಿಸಿಕೊಳ್ಳಲು ಬರುವುದಿಲ್ಲ.

ನನ್ನ ಮಟ್ಟಿಗೆ ವಿಭಾಗ ಮೊದಲು, ಆಮೇಲೆ ವಾರ್ಡು, ಕಟ್ಟಡ ಕೊನೆಗೆ. ಗಾಜಿನ ಮುಂಭಾಗವಿರುವ ಖಾಸಗಿ ಕಾಲೇಜಿನಲ್ಲಿ ರೋಗಿಗಳೇ ಇಲ್ಲದ ಮಂಚಗಳನ್ನು ನೋಡುತ್ತಾ ಮೂರು ವರ್ಷ ಕಳೆದವರು ಕಾಗದದಲ್ಲಿ ಮಾತ್ರ ತಜ್ಞರಾಗಿ ಹೊರಬರುತ್ತಾರೆ. ಹನೂರಿನ ಕಾಡಂಚಿನ ಬಸುರಿಯ ಹೆರಿಗೆ ಕೊಳ್ಳೇಗಾಲದಲ್ಲಿ ಆಗಲಿಲ್ಲವೆಂದರೆ ಅವಳನ್ನು ಒಯ್ಯುವುದು ಚಾಮರಾಜನಗರಕ್ಕೆ, ಇಲ್ಲವೇ ಮೈಸೂರಿನ ಚೆಲುವಾಂಬಕ್ಕೆ. ಕಷ್ಟದ ಹೆರಿಗೆಗಳೆಲ್ಲ ಬಂದು ಸೇರುವ ಕಡೆ ಕೈ ಪಳಗುತ್ತದೆ. ವಿದೇಶದಲ್ಲಿ ಓದಿದವರಿಗಂತೂ ಇದು ಎರಡು ಪಾಲು ನಿಜ. ಅವರಲ್ಲಿ ಬಹಳ ಜನಕ್ಕೆ ಅಲ್ಲಿನ ಭಾಷೆ ಬಾರದೆ ರೋಗಿಯೊಂದಿಗೆ ಮನಸಾರೆ ಮಾತಾಡಲು ಆಗಿರುವುದಿಲ್ಲ. ಆ ಕೊರತೆ ತುಂಬುವುದು ಜನ ತುಂಬಿದ ಸರ್ಕಾರಿ ವಾರ್ಡಿನಲ್ಲಿ. ಸೇರುವ ಮುನ್ನ ಅಲ್ಲಿನ ಸೀನಿಯರ್‌ಗಳನ್ನು ಹಿಡಿದು ಕೇಳಬೇಕು: ಮೊದಲ ವರ್ಷದವರ ಕೈಗೆ ಸಿಸೇರಿಯನ್ ಕೊಡುತ್ತಾರಾ, ಪ್ರೊಫೆಸರರು ರೌಂಡ್ಸಿಗೆ ಬರುತ್ತಾರಾ, ಸ್ಟೈಪೆಂಡು ಖಾತೆಗೆ ಬಂದದ್ದು ಅಲ್ಲೇ ಉಳಿಯುತ್ತದಾ ಅಥವಾ ವಾಪಸು ಕೇಳುತ್ತಾರಾ. ಡ್ಯೂಟಿ ಎಷ್ಟು ಗಂಟೆ ಎಂಬುದನ್ನು ನಿಯಮ ನೋಡಿ ನಂಬಬೇಡಿ. ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 48 ಗಂಟೆ ಎಂದು ಕೇಂದ್ರ ಸರ್ಕಾರ 1992ರಲ್ಲೇ ಬರೆದಿಟ್ಟಿದೆ. ಅಮೆರಿಕದಲ್ಲಿ 80. ಕಾಗದದ ಪ್ರಕಾರ ನಮ್ಮವರೇ ಸುಖಿಗಳು!

ಇನ್ನು ಋಣದ ಪಾಠ ಹೇಳುವವರು. 2022ರ ಮಾರ್ಚ್ 1ರಂದು, ಯುದ್ಧದ ನಡುವೆ, ಉಕ್ರೇನಿನ ಖಾರ್ಕೀವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೇಖರಪ್ಪ ಸತ್ತ. ಪಿಯುಸಿಯಲ್ಲಿ ಶೇ 97 ತೆಗೆದ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ನೊಂದು ಹೇಳಿದರು. ಅದೇ ದಿನಗಳಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು, ಹೊರದೇಶದಲ್ಲಿ ವೈದ್ಯಕೀಯ ಓದುವವರಲ್ಲಿ ಶೇ 90 ಮಂದಿ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗುವುದಿಲ್ಲ ಎಂದರು. ಆ ಪರೀಕ್ಷೆ ಕಠಿಣವಾದದ್ದೇ, 300ಕ್ಕೆ 150 ಬರಲೇಬೇಕು. ಪಾಸಾದ ಮೇಲೂ ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಒಂದೊಂದು ಕಾಲೇಜಿನಲ್ಲಿ ಇವರಿಗೆ ಶೇ 7.5ರಷ್ಟು ಜಾಗ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವಾದ ಎನ್‌ಎಂಸಿ ಮಿತಿ ಹಾಕಿದಾಗ, ಪಾಸಾದವರೂ ಸರದಿಯಲ್ಲಿ ಕಾದು ನಿಂತರು. ಓದುವಾಗ ಸೀಟಿಲ್ಲ, ಬಂದಾಗ ಜಾಗವಿಲ್ಲ, ಹೊರಟಾಗ ಮಾತ್ರ ‘ನಮ್ಮ ಹುಡುಗ’!

ತಮಾಷೆ ಏನೆಂದರೆ, ಅಮೆರಿಕಕ್ಕೆ ಹೋದವರಲ್ಲಿ ಬಹಳ ಜನ ಕೊನೆಗೆ ಸೇರುವುದು ಹಳ್ಳಿಯನ್ನೇ. ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮುಗಿಸಿದವರು ಎರಡು ವರ್ಷಕ್ಕೆ ತಾಯ್ನಾಡಿಗೆ ಮರಳಬೇಕು. ಅದು ತಪ್ಪಬೇಕಾದರೆ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. 1994ರಿಂದ ನಡೆದಿರುವ ಕಾನ್ರಾಡ್ ಯೋಜನೆ ಇದು, ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜನ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸರ್ಕಾರ ಹೊಸ ಎಚ್-1ಬಿಗೆ ಲಕ್ಷ ಡಾಲರ್ ಶುಲ್ಕ ಹಾಕಿದ ಮೇಲೆ ಹೊರದೇಶದ ವೈದ್ಯರಿಗೆ ಜೆ-1 ದಾರಿಯೇ ಇನ್ನಷ್ಟು ಗಟ್ಟಿ. ಅಂದರೆ ನಮ್ಮ ಮಕ್ಕಳು ಹಳ್ಳಿಗೆ ಹೆದರಿ ಓಡಿದವರಲ್ಲ. ಅಲ್ಲಿನ ಹಳ್ಳಿಯಲ್ಲಿ ಅರಿವಳಿಕೆ ತಜ್ಞರು, ರಕ್ತ, ನರ್ಸು, ಹೊತ್ತಿಗೆ ಸರಿಯಾಗಿ ಸಂಬಳ ಎಲ್ಲ ಇರುತ್ತವೆ. ನಮ್ಮ ಸರ್ಕಾರಕ್ಕೆ ಹೊಳೆದದ್ದು ದಂಡ ಮಾತ್ರ. 2012ರ ಕಡ್ಡಾಯ ಗ್ರಾಮೀಣ ಸೇವೆ ಕಾಯ್ದೆಯಲ್ಲಿ 15ರಿಂದ 30 ಲಕ್ಷ ರೂಪಾಯಿ ಬರೆದಿಟ್ಟರು. ಕೊನೆಗೆ ಇಷ್ಟು ಜನರಿಗೆ ಕೊಡಲು ಹುದ್ದೆಗಳೇ ಇಲ್ಲವೆಂದು ಕಾಯ್ದೆಯನ್ನೇ ತಿದ್ದಬೇಕಾಯಿತು.

ನಮ್ಮ ಸೀಮೆಯಲ್ಲಿ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡು ನಡೆಸಿ ತೋರಿಸಿತು. ಅದು ದೊಡ್ಡ ಆಸ್ಪತ್ರೆಯೇನೂ ಆಗಿರಲಿಲ್ಲ. ಇನ್ನೊಂದು ಕಡೆ, 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಹೊತ್ತ ಆಂಬುಲೆನ್ಸುಗಳು ಕಾಮಗೆರೆ, ಕೊಳ್ಳೇಗಾಲಗಳನ್ನು ದಾಟಿ ಮೈಸೂರಿಗೆ ಓಡಿದವು. ವೆಂಟಿಲೇಟರ್ ಇದ್ದದ್ದು ಅಲ್ಲಿ. ಚೀಟಿಯ ಮೇಲೆ ‘ಹೈಯರ್ ಸೆಂಟರಿಗೆ’ ಎಂದು ಬರೆದು ಕಳಿಸುವುದೇ ಇಲ್ಲಿನ ಡ್ಯೂಟಿ ಡಾಕ್ಟರ ಪಾಲಿಗೆ ಉಳಿದಿರುವ ಚಿಕಿತ್ಸೆಯಾದರೆ, ಆ ಕೆಲಸ ಕಲಿಯಲು ಯಾರು ಬರುತ್ತಾರೆ?

2021ರಲ್ಲಿ ಸೇರಿದ ತಂಡದಿಂದ ಎಂಡಿ, ಎಂಎಸ್ ಓದುವವರೆಲ್ಲ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯವಾಗಿದೆ. ಒಳ್ಳೆಯ ನಿಯಮ. ಅವರನ್ನು ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಗೂ ಕಳಿಸಲಿ. ಜೊತೆಗೊಬ್ಬ ಹಿರಿಯ ತಜ್ಞರನ್ನು ನೇಮಿಸಲಿ, ಉಳಿಯಲು ಕ್ವಾರ್ಟರ್ಸು ಕೊಡಲಿ. ಕಲಿಸುವವರೇ ಇಲ್ಲದ ಕಡೆಗೆ ಕಳಿಸಿದರೆ ಹಾಜರಿ ಪುಸ್ತಕ ತುಂಬುತ್ತದೆ ಅಷ್ಟೆ.

ಕೆಇಎಗೆ ಒಂದು ಕೆಲಸವಿದೆ, ಅದಕ್ಕೆ ದುಡ್ಡೂ ಬೇಕಾಗಿಲ್ಲ. ಆಪ್ಷನ್ ಎಂಟ್ರಿಗೆ ಕೂತವರು ಕಾಲೇಜಿನ ಹೆಸರು, ವಿಭಾಗ, ಶುಲ್ಕ ಇಷ್ಟನ್ನೇ ನೋಡಿ ಪಟ್ಟಿ ಮಾಡುತ್ತಾರೆ. ಹೋದ ವರ್ಷ ಅಲ್ಲಿ ಎಷ್ಟು ಹೆರಿಗೆಯಾಯಿತು, ಎಷ್ಟು ಶಸ್ತ್ರಚಿಕಿತ್ಸೆಯಾಯಿತು, ಎಷ್ಟು ಮಂಚ ತುಂಬಿದ್ದವು, ಸ್ಟೈಪೆಂಡ್ ಎಷ್ಟು ಕೊಟ್ಟರು ಎಂಬುದನ್ನೂ ಹೆಸರಿನ ಪಕ್ಕದಲ್ಲೇ ಹಾಕಲಿ. ರೋಗಿಗಳ ಲೆಕ್ಕವನ್ನು ಕಾಲೇಜುಗಳು ವರ್ಷ ವರ್ಷ ಎನ್‌ಎಂಸಿಗೆ ಹೇಗೂ ಒಪ್ಪಿಸುತ್ತವೆ. ಅದನ್ನು ಮಧುವನಹಳ್ಳಿಯ ಹುಡುಗಿಗೆ ತೋರಿಸಲು ಅಡ್ಡಿ ಯಾರದು, ಹೇಳಲಿ.