ಮನೆತನ ವಿಚಾರಿಸುವವರಲ್ಲಿ ಒಂದು ವಿಜ್ಞಾಪನೆ

ನಾಗಾವಿಯ ಹಾಗೂ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಬಂಧುಗಳೇ,

ಸಂಬಂಧ ಕೂಡಿಸುವ ಮುನ್ನ ಮನೆತನ ವಿಚಾರಿಸುವುದು ಹಿರಿಯರಿಂದ ಬಂದ ವಾಡಿಕೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ 'ಆ ಮನೆಯ ಅಜ್ಜನಿಗೆ ದೊಡ್ಡರೋಗವಿತ್ತಂತೆ' ಎಂಬ ಒಂದು ಪಿಸುಮಾತಿಗೆ ಕೂಡಿಬಂದ ಲಗ್ನವನ್ನು ಮುರಿಯುವವರು, ಕುಷ್ಠವು ರಕ್ತದಲ್ಲಿ ಹರಿದುಬರುವುದೆಂದು ನಂಬಿಯೇ ಹಾಗೆ ಮಾಡುತ್ತಿರುವರಾದುದರಿಂದ, ಆ ನಂಬಿಕೆಯ ಸತ್ಯಾಸತ್ಯಗಳನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಈ ಭ್ರಮೆಗೆ ಪಂಡಿತರೂ ಒಳಗಾಗಿದ್ದರು. ನಾರ್ವೆಯ ಪ್ರಖ್ಯಾತ ವೈದ್ಯ ಡೇನಿಯಲ್‌ಸನ್ 1847ರ ತನ್ನ ಗ್ರಂಥದಲ್ಲಿ ಕುಷ್ಠವು ಆನುವಂಶಿಕವೆಂದೇ ಸಾರಿದ್ದನು. 1873ರಲ್ಲಿ ರೋಗಿಯ ಗಂಟುಗಳಲ್ಲಿ ಕಡ್ಡಿಯಾಕಾರದ ರೋಗಾಣುವನ್ನು ಕಂಡು ಆ ಮತದ ಬುಡವನ್ನೇ ಅಲುಗಿಸಿದ ಹ್ಯಾನ್ಸನ್ ಅವನ ಸ್ವಂತ ಅಳಿಯ!

ಹಾಗಾದರೆ ವಂಶಕ್ಕೂ ಈ ರೋಗಕ್ಕೂ ನಂಟೇ ಇಲ್ಲವೆ? ಉಂಟು. ರೋಗಾಣುವನ್ನು ತಡೆಯುವ ಶಕ್ತಿ, ಇಲ್ಲವೆ ಅದರ ಕೊರತೆ, ಇಷ್ಟು ಮಾತ್ರ ಹುಟ್ಟಿನಿಂದ ಬರುತ್ತದೆ. ಆ ಶಕ್ತಿಯಾದರೋ ನೂರಕ್ಕೆ ಸುಮಾರು 95 ಜನರಲ್ಲಿ ಸಹಜವಾಗಿಯೇ ಇದೆ. ಭಾರತದ 102 ಅವಳಿ ಜೋಡಿಗಳನ್ನು ಕುರಿತು ಚಕ್ರವರ್ತಿ ಮತ್ತು ಫೋಗೆಲ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳ ಪೈಕಿ ನೂರಕ್ಕೆ 60ರಷ್ಟು ಜೋಡಿಗಳಲ್ಲಿ ಇಬ್ಬರಿಗೂ ಕುಷ್ಠವಿತ್ತು. ತದ್ರೂಪಿಗಳಲ್ಲದವರಲ್ಲಿ 20ರಷ್ಟು ಮಾತ್ರ. ಹುಟ್ಟಿನ ಪಾಲಿಗೆ ಇದೇ ಸಾಕ್ಷಿ. ಆದರೂ ಒಂದೇ ಬೀಜದಿಂದ ಒಡೆದು ಬಂದ ಜೋಡಿಗಳ ಪೈಕಿ ನೂರಕ್ಕೆ 40ರಷ್ಟರಲ್ಲಿ ಎರಡನೆಯವರು ನಿರೋಗಿಗಳಾಗಿಯೇ ಇದ್ದರಲ್ಲ. ಅಜ್ಜನ ಬೇನೆ ಮೊಮ್ಮಗಳ ಹಣೆಯಲ್ಲಿ ಬರೆದಿದೆಯೆನ್ನುವವರು ಇದಕ್ಕೇನೆನ್ನುವರು? ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತಲೆಮಾರುಗಳಿಂದ ತಂದುಕೊಳ್ಳುತ್ತ ಬಂದ ನಾವು 'ಅವರ ರಕ್ತ ಬೇರೆ' ಎನ್ನುವ ಮುನ್ನ ನಮ್ಮ ಬೀಗರ ಬೀಗರನ್ನೊಮ್ಮೆ ಎಣಿಸುವುದು ಒಳಿತು. ಕುಷ್ಠದ ನೆಪದಿಂದ ವಿಚ್ಛೇದನ ಪಡೆಯಲು ಕಾಯಿದೆಯಲ್ಲಿದ್ದ ಅವಕಾಶವನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿದೆ. ಆದ ಲಗ್ನಕ್ಕೆ ಅಡ್ಡಿಯಾಗದ ರೋಗವು ಆಗಲಿರುವ ಲಗ್ನಕ್ಕೆ ಏಕೆ ಅಡ್ಡಿಯಾಗಬೇಕು?

ರೋಗಿಯೊಡನೆ ಬಹುಕಾಲ ಒಂದೇ ಮನೆಯಲ್ಲಿದ್ದವರಿಗೆ ಅಪಾಯವು ಉಳಿದವರಿಗಿಂತ ಹೆಚ್ಚೆಂಬುದು ನಿಜ. ಅದಕ್ಕೆ ತಕ್ಕ ಉಪಾಯ ತಪಾಸಣೆ. ಆರೋಗ್ಯ ಕಾರ್ಯಕರ್ತೆಯು ನಿಮ್ಮ ಕಣ್ಣು ಮುಚ್ಚಿಸಿ, ನಮ್ಮ ಎರೆಹೊಲದಲ್ಲಿ ಬೆಳೆಯುವ ಹತ್ತಿಯದೇ ಒಂದು ಎಳೆಯಿಂದ ಮೈಯನ್ನು ಅಲ್ಲಲ್ಲಿ ಸೋಕಿಸಿ, ಮುಟ್ಟಿದಲ್ಲಿ ಬೆರಳಿಡಿರಿ ಎನ್ನುವಳು. ಉಳಿದೆಡೆ ತಟ್ಟನೆ ಹೋಗುವ ಬೆರಳು ಮಸುಕಾದ ಮಚ್ಚೆಯನ್ನು ಸೋಕಿದಾಗ ಮಾತ್ರ ಅಲುಗದಿದ್ದರೆ ವೈದ್ಯರನ್ನು ಕಾಣಬೇಕು. ಗುಳಿಗೆಗಳು ಸರಕಾರಿ ದವಾಖಾನೆಯಲ್ಲಿ ಉಚಿತ. ಆರು ತಿಂಗಳು, ಮಚ್ಚೆಗಳು ಹೆಚ್ಚಿದ್ದರೆ ಒಂದು ವರ್ಷ. ಔಷಧ ಹಿಡಿದ ಸ್ವಲ್ಪ ಕಾಲದಲ್ಲಿಯೇ ಸೋಂಕು ಹಬ್ಬುವುದು ನಿಲ್ಲುತ್ತದೆ. ಮನೆಯವರಿಗೆ ಮುಂಜಾಗ್ರತೆಯಾಗಿ ರಿಫಾಂಪಿಸಿನ್ ಔಷಧವನ್ನು ಒಂದೇ ಸಲ ಕೊಡುವರು. ಅದನ್ನು ಕೇಳಿ ಪಡೆಯಿರಿ.